ಪಾಸ್‌ವರ್ಡ್ ಎಲ್ಲಿಡೂದು, ಕಳ್ಳ ಹೊಕ್ಕರ ಯಾರಿಗೆ ಗೊತ್ತಾಗೂದು? ಕ್ಲೌಡ್ ಟೂಲ್ ಬಳಸಿದವರು ಅನುಭವ ಹೇಳ್ರಿ

ಕೇಳಿದವರು: ಗೋಕುಲ ರೋಡ್, ಹುಬ್ಬಳ್ಳಿ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮದು ಐದು ಮಂದಿ ಸಣ್ಣ ಸಾಫ್ಟ್‌ವೇರ್ ಕಂಪನಿ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ದಲಾಲಿ ಅಂಗಡಿಗಳಿಗೆ ಲಾಟ್, ತೂಕ, ಪಟ್ಟಿ, ರೈತರ ಪೇಮೆಂಟ್ ಎಲ್ಲಾ ನೋಡಿಕೊಳ್ಳೋ ಆ್ಯಪ್ ಮಾಡೇವಿ. ಸರ್ವರ್ ಎಲ್ಲಾ ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್ನಿನಾಗ, ಅಂದ್ರ ಅವರ ಮುಂಬೈ ಕೇಂದ್ರದಾಗ, ಅದಾವ. ಒಬ್ಬ ಗಿರಾಕಿ ಮಾತ್ರ ಹಟ ಹಿಡಿದು ಮೈಕ್ರೋಸಾಫ್ಟಿನ ಅಜೂರ್ ಮ್ಯಾಲ ಹಾಕಿಸ್ಯಾರ.

ಇಷ್ಟು ದಿನ ಡೇಟಾಬೇಸ್ ಪಾಸ್‌ವರ್ಡ್, ಎಸ್ಸೆಮ್ಮೆಸ್ ಕಂಪನಿ ಕೀ, ಪೇಮೆಂಟ್ ಗೇಟ್‌ವೇ ಕೀ ಎಲ್ಲಾ ಸರ್ವರಿನ ಮ್ಯಾಲ ಡಾಟ್ ಇಎನ್‌ವಿ (.env) ಅನ್ನೂ ಸಾದಾ ಸೆಟ್ಟಿಂಗ್ ಫೈಲಿನಾಗ ಇದ್ವು. ಹೊಸಬರು ಸೇರಿದ್ರ ಅದ ಫೈಲ್ ವಾಟ್ಸಾಪಿನಾಗ ಕಳಸ್ತಿದ್ವಿ. ನಗಬ್ಯಾಡ್ರಿ. ಹೋದ ತಿಂಗಳ ನಮ್ಮ ಹುಡುಗ ಒಬ್ಬ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಛಲೋ ಹುಡುಗ, ಅವನ ಮ್ಯಾಲ ಸಂಶೆ ಇಲ್ಲ. ಆದ್ರ ಅವನ ಫೋನಿನಾಗ ನಮ್ಮ ಇಡೀ ಕಂಪನಿ ಕೀಲಿಕೈ ಗೊಂಚಲ ಐತಿ ಅನ್ನೂದು, ಅವನ್ನ ರೈಲಿಗೆ ಹತ್ತಿಸಿ, ಗಿರಮಿಟ್ ತಿಂದು ಆಫೀಸಿಗೆ ವಾಪಸ್ ಬಂದ ಮ್ಯಾಲ ಹೊಳೀತು.

ಅದರಾಗ ಪುಣೆದ ಒಂದು ಮಸಾಲಿ ಕಂಪನಿ ನಮ್ಮ ಜೋಡಿ ವ್ಯವಹಾರಕ್ಕ ಮುಂಚೆ ದೊಡ್ಡ ಪ್ರಶ್ನಾವಳಿ ಕಳಿಸೇತಿ. ಎರಡು ಪ್ರಶ್ನಿಗೆ ನಮ್ಮ ಕಡೆ ಉತ್ತರ ಇಲ್ಲ: ಸೀಕ್ರೆಟ್ (ಪಾಸ್‌ವರ್ಡ್, ಕೀ ಇಂಥಾವು) ಎಲ್ಲಿ ಇಡ್ತೀರಿ? ಯಾರರ ಒಳಗ ಹೊಕ್ಕರ ನಿಮಗ ಹೆಂಗ ತಿಳೀತೈತಿ? ಸೀಕ್ರೆಟ್ ಇಡೂ ಟೂಲ್ ಅಂದ್ರ ಎಡಬ್ಲ್ಯೂಎಸ್ಸಿನ ಸೀಕ್ರೆಟ್ಸ್ ಮ್ಯಾನೇಜರ್, ಪ್ಯಾರಾಮೀಟರ್ ಸ್ಟೋರ್, ಅಜೂರಿನ ಕೀ ವಾಲ್ಟ್, ನಾವ ನಡಸೂ ಹ್ಯಾಶಿಕಾರ್ಪ್ ವಾಲ್ಟ್ ಇವುಗಳಾಗ ಯಾವುದು ತಗೊಳ್ಳೂದು? ಕಳ್ಳರನ್ನ ಗುರುತಿಸೂ ಎಡಬ್ಲ್ಯೂಎಸ್ ಸೇವೆ ಗಾರ್ಡ್‌ಡ್ಯೂಟಿ ಹಾಕಿದ್ರ ಸಾಕೋ? ತಿಂಗಳಿಗೆ ಐದು ಸಾವಿರ ರೂಪಾಯಿ ದಾಟಬಾರದು. ಜಾಹೀರಾತು ಸಾಕಷ್ಟು ಓದೇವಿ, ಬಳಸಿ ಪೆಟ್ಟು ತಿಂದವರ ಮಾತು ಬೇಕು.

ಉತ್ತರ: ಸಪ್ತಾಪುರ, ಧಾರವಾಡ

ಮೊದಲ ರೊಕ್ಕದ ಲೆಕ್ಕ ಮುಗಿಸಿಬಿಡೂಣು. ಸೀಕ್ರೆಟ್ಸ್ ಮ್ಯಾನೇಜರಿನಾಗ ಒಂದು ಸೀಕ್ರೆಟಿಗೆ ತಿಂಗಳಿಗೆ 0.40 ಡಾಲರ್, ಅದರ ಮ್ಯಾಲ ಪ್ರತಿ 10,000 ಕರೆಗೆ (ಆ್ಯಪ್ ಒಮ್ಮೆ ಸೀಕ್ರೆಟ್ ಕೇಳಿದ್ರ ಒಂದು ಕರೆ) 0.05 ಡಾಲರ್. ಪ್ಯಾರಾಮೀಟರ್ ಸ್ಟೋರಿನ ಸ್ಟ್ಯಾಂಡರ್ಡ್ ದರ್ಜೆ ಪುಕ್ಕಟೆ. ಒಂದು ಅಕೌಂಟಿಗೆ ಒಂದು ರೀಜನ್ನಿನಾಗ 10,000 ತನಕ ಇಡಬಹುದು, ಒಂದೊಂದು 4 ಕೆಬಿ ಮೀರಬಾರದು. ಸೆಕ್ಯೂರ್‌ಸ್ಟ್ರಿಂಗ್ ಅಂತ ಆರಿಸಿದ್ರ ಅದೂ ಕೆಎಂಎಸ್ (ಎಡಬ್ಲ್ಯೂಎಸ್ಸಿನ ಗುಪ್ತಲಿಪಿ ಕೀಲಿ ಸೇವೆ) ಮೂಲಕನ ಎನ್‌ಕ್ರಿಪ್ಟ್ ಆಗ್ತೈತಿ. ಹಂಗಾರ ಮುಚ್ಚಿಡೂ ಕೆಲಸದಾಗ ಎರಡೂ ಒಂದ. ಹೆಚ್ಚಿನ ರೊಕ್ಕ ಕೊಡೂದು ಪಾಸ್‌ವರ್ಡನ್ನ ತಾನ ಬದಲಿ ಮಾಡೂ ಅನುಕೂಲಕ್ಕ. ಅದಕ್ಕ ನಾವು ಎರಡೂ ಇಟ್ಟಕೊಂಡೇವಿ: ಡೇಟಾಬೇಸ್ ಪಾಸ್‌ವರ್ಡ್ ಸೀಕ್ರೆಟ್ಸ್ ಮ್ಯಾನೇಜರಿನಾಗ, ಉಳಿದದ್ದು ಪ್ಯಾರಾಮೀಟರ್ ಸ್ಟೋರಿನಾಗ.

ಈಗ ಪೆಟ್ಟು ತಿಂದ ಕತಿ. ರೊಟೇಶನ್ (ಅದ, ಪಾಸ್‌ವರ್ಡ್ ತಾನ ಬದಲಿ ಆಗೂದು) ಅಂದ ಕೂಡ್ಲೇ ಭಾಳ ಖುಷಿಯಾಗಿ 30 ದಿನಕ್ಕೊಮ್ಮೆ ಅಂತ ಹಚ್ಚಿಬಿಟ್ಟೆ. ಟೈಮ್ ನೋಡಲಿಲ್ಲ. ಒಂದು ಸೋಮವಾರ ಮುಂಜಾನೆ ಹನ್ನೊಂದಕ್ಕ ಲ್ಯಾಂಬ್ಡಾ (ಆ ಬದಲಿ ಕೆಲಸ ಮಾಡೂ ಸಣ್ಣ ಪ್ರೋಗ್ರಾಮ್) ಎದ್ದು ಪಾಸ್‌ವರ್ಡ್ ಬದಲಿ ಮಾಡ್ತು. ಆ್ಯಪ್ ಚಾಲೂ ಆಗೂವಾಗ ಒಮ್ಮೆ ಪಾಸ್‌ವರ್ಡ್ ಓದಿ ಮೆಮೊರಿಯಾಗ ಇಟ್ಟಕೊಂಡಿತ್ತು. ಮೊದಲ ತೆರೆದಿದ್ದ ಕನೆಕ್ಷನ್ ನಡದೇ ಇದ್ವು, ಹೊಸಾವು ಒಂದೂ ಹತ್ತವಲ್ಲವು. ಅಂದ್ರ ಅರ್ಧ ಮಂದಿಗೆ ಆ್ಯಪ್ ಛಲೋ, ಅರ್ಧ ಮಂದಿಗೆ ಬಂದ್. ಪೂರಾ ಬಂದ್ ಆಗಿದ್ರ ಲಗೂನ ತಿಳೀತಿತ್ತು. ಹಿಂಗಾಗಿ ನಲವತ್ತು ನಿಮಿಷ ನೆಟ್‌ವರ್ಕ್ ಬೈಕೊಂತ ಕುಂತಿದ್ವಿ. ಗಿರಾಕಿ ಅಂಗಡಿ ಗುಮಾಸ್ತರು ಫೋನ್ ಮಾಡಿ, "ಸಾಹೇಬ್ರ, ನಿಮ್ಮ ಕಂಪ್ಯೂಟರ್ ಒಬ್ಬರ ಮಾರಿ ನೋಡಿ ಮಣಿ ಹಾಕಾಕತ್ತೈತಿ" ಅಂದ್ರು. ಅದಾದ ಮ್ಯಾಲ ಎರಡು ತಿದ್ದುಪಡಿ ಮಾಡಿದ್ವಿ. ಲಾಗಿನ್ ಸೋತ್ರ ಆ್ಯಪ್ ಹೊಳ್ಳಿ ಸೀಕ್ರೆಟ್ ಓದಿ ಇನ್ನೊಮ್ಮೆ ಪ್ರಯತ್ನ ಮಾಡಬೇಕು. ಮತ್ತ ಇಬ್ಬರು ಡೇಟಾಬೇಸ್ ಯೂಸರ್ ಇಟ್ಟು ಸರದಿ ಮ್ಯಾಲ ಬದಲಿ ಮಾಡೂ ಪದ್ಧತಿ ಐತಿ, ಅದನ್ನ ಹಿಡಿಬೇಕು. ಆಗ ಹಳೇ ಪಾಸ್‌ವರ್ಡ್ ಮುಂದಿನ ಸರದಿ ತನಕ ನಡೀತೈತಿ. ಟೈಮ್ ಅಂತೂ ರಾತ್ರಿ ಎರಡಕ್ಕ ಇಡ್ರಿ.

ಇನ್ನೊಂದು ಸಣ್ಣ ಪೆಟ್ಟು. ಪ್ರತಿ ರಿಕ್ವೆಸ್ಟಿಗೂ ಸೀಕ್ರೆಟ್ ಕೇಳೂ ಕೋಡ್ ಬರದಿದ್ವಿ. ಆ ತಿಂಗಳು 30 ಲಕ್ಷ ಕರೆ, 15 ಡಾಲರ್. ಸೀಕ್ರೆಟಿನ ಬಾಡಿಗಿಗಿಂತ ಬಾಗಲಾ ಬಡದ ಖರ್ಚ ಹೆಚ್ಚು. ಒಮ್ಮೆ ಓದಿದ್ದನ್ನ ಐದು ನಿಮಿಷ ಮೆಮೊರಿಯಾಗ ಇಟ್ಟಕೊಳ್ಳೂ ಹಂಗ (ಕ್ಯಾಶ್) ಮಾಡಿದ್ವಿ, ಬಿಲ್ ಪೈಸಾಕ್ಕ ಇಳೀತು.

ಕೇಳಿದವರು: ಗೋಕುಲ ರೋಡ್

ಅಕ್ಕಾರ, ಭಾಳ ಉಪಕಾರ ಆತು. ಒಂದು ದಡ್ಡ ಪ್ರಶ್ನಿ. ಸೀಕ್ರೆಟ್ಸ್ ಮ್ಯಾನೇಜರ್ ತೆಗಿಯಾಕ ಆ್ಯಪಿಗೆ ಒಂದು ಎಡಬ್ಲ್ಯೂಎಸ್ ಕೀ ಬೇಕಲ್ಲ, ಅದನ್ನೆಲ್ಲಿ ಇಡೂದು? ಹೊಳ್ಳಿ ಡಾಟ್ ಇಎನ್‌ವಿನಾಗನ?

ಉತ್ತರ: ಸಪ್ತಾಪುರ, ಧಾರವಾಡ

ದಡ್ಡ ಪ್ರಶ್ನಿ ಅಲ್ಲ ತಮ್ಮಾ, ಅಸಲಿ ಪ್ರಶ್ನಿ ಅದ. ಭಾಳ ಮಂದಿ ಅದನ್ನ ಕೇಳದನ ಟೂಲ್ ತಗೊಂಡು, ತಿಜೂರಿ ಕೀಲಿಕೈ ತಿಜೂರಿ ಮ್ಯಾಲನ ಇಟ್ಟಿರ್ತಾರ. ಮಷಿನ್ನಿಗೆ ಐಎಎಂ ರೋಲ್, ಅಂದ್ರ ಅದು ಏನೇನು ಮಾಡಬಹುದು ಅನ್ನೂ ಎಡಬ್ಲ್ಯೂಎಸ್ ಅನುಮತಿ, ಹಚ್ಚಬೇಕು. ಆಗ ಫೈಲಿನಾಗ ಯಾವ ಕೀನೂ ಇರೂದಿಲ್ಲ. ಮಷಿನ್ನಿಗೆ ತಾತ್ಕಾಲಿಕ ಕೀ ತಾನ ಸಿಗ್ತೈತಿ, ಕೆಲವು ತಾಸಿಗೊಮ್ಮೆ ತಾನ ಬದಲಿ ಆಗ್ತೈತಿ. ರೋಲಿಗೆ ಎಲ್ಲಾ ಸೀಕ್ರೆಟ್ ಓದಾಕ ಬಿಡಬ್ಯಾಡ್ರಿ. ತೂಕದ ಆ್ಯಪಿಗೆ ತೂಕದ್ದಷ್ಟ, ಪೇಮೆಂಟ್ ಆ್ಯಪಿಗೆ ಪೇಮೆಂಟಿಂದಷ್ಟ. ಮತ್ತ ಮಷಿನ್ನಿಗೆ ಆ ತಾತ್ಕಾಲಿಕ ಕೀ ಕೊಡೂ ಮೆಟಾಡೇಟಾ ಸೇವೆಯ ಎರಡನೇ ಆವೃತ್ತಿನ ಕಡ್ಡಾಯ ಮಾಡ್ರಿ. 2019ರಾಗ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ 10 ಕೋಟಿಗೂ ಹೆಚ್ಚು ಮಂದಿ ಮಾಹಿತಿ ಹೋತಲ್ಲ, ಅಲ್ಲೆ ಹೊರಗಿನವರು ಮೆಟಾಡೇಟಾ ಸೇವಾದಿಂದನ ರೋಲಿನ ತಾತ್ಕಾಲಿಕ ಕೀ ಎಳಕೊಂಡಿದ್ರು. ಅದ ವರ್ಷ ನವೆಂಬರಿನಾಗ ಎರಡನೇ ಆವೃತ್ತಿ ಬಂತು.

ಉತ್ತರ: ವಿದ್ಯಾನಗರ, ಹುಬ್ಬಳ್ಳಿ

ನಾನು ಅಜೂರ್ ಕಡೆಯವನು, ಚುಟುಕಾಗಿ ಹೇಳುತ್ತೇನೆ. ಕೀ ವಾಲ್ಟ್‌ನಲ್ಲಿ ಸೀಕ್ರೆಟ್ ಒಂದಕ್ಕೆ ಇಷ್ಟು ಎಂಬ ಬಾಡಿಗೆ ಇಲ್ಲ, ಕರೆಗಳ ಲೆಕ್ಕದಲ್ಲಿ ಮಾತ್ರ ಹಣ. ನಿಮ್ಮಂಥ ಒಬ್ಬ ಗಿರಾಕಿಯ ಬಳಕೆಗೆ ಚಹಾದ ದುಡ್ಡೂ ಆಗುವುದಿಲ್ಲ. ಎಡಬ್ಲ್ಯೂಎಸ್ ರೋಲಿನ ಜಾಗದಲ್ಲಿ ಇಲ್ಲಿ ಮ್ಯಾನೇಜ್ಡ್ ಐಡೆಂಟಿಟಿ, ಅದನ್ನೇ ಬಳಸಿ.

ನಾವು ಎಡವಿದ್ದು ಎರಡು ಕಡೆ. ಪ್ರಯೋಗಕ್ಕೆಂದು ಮಾಡಿದ ವಾಲ್ಟ್ ಅಳಿಸಿ ಅದೇ ಹೆಸರಲ್ಲಿ ಹೊಸದು ಮಾಡಲು ಹೋದರೆ ಹೆಸರು ಖಾಲಿ ಇಲ್ಲ ಎನ್ನುತ್ತದೆ. ಅಳಿಸಿದ್ದು ನಿಜವಾಗಿ ಅಳಿದಿರುವುದಿಲ್ಲ, ಸಾಫ್ಟ್ ಡಿಲೀಟ್ ಎಂದು 90 ದಿನ ಹಾಗೇ ಕೂತಿರುತ್ತದೆ. ವಾಲ್ಟ್ ಮಾಡುವಾಗಲೇ 7ರಿಂದ 90ರೊಳಗೆ ದಿನ ಆರಿಸಬಹುದು. ನಾವು ಆ ಸಾಲನ್ನು ಓದದೆ ಮುಂದೆ ಒತ್ತಿದ್ದೆವು. ಪರ್ಜ್ ಪ್ರೊಟೆಕ್ಷನ್ ಕೂಡ ಹಾಕಿದ್ದರೆ ಅವಧಿ ಮುಗಿಯುವ ತನಕ ನೀವೂ ಅದನ್ನು ಪೂರ್ತಿ ತೆಗೆಯಲಾರಿರಿ. ಬೈದುಕೊಂಡೆ, ಆಮೇಲೆ ಒಂದು ದಿನ ಅದೇ ನನ್ನನ್ನು ಉಳಿಸಿತು, ಆ ಕತೆ ಬೇಡ.

ಎರಡನೆಯದು ಲಾಗ್. ಯಾರು ಯಾವ ಸೀಕ್ರೆಟ್ ಓದಿದರು ಎಂಬ ದಾಖಲೆ ತಾನಾಗಿ ಉಳಿಯುವುದಿಲ್ಲ. ಡಯಾಗ್ನಾಸ್ಟಿಕ್ ಸೆಟ್ಟಿಂಗ್‌ಗೆ ಹೋಗಿ ನೀವೇ ಚಾಲೂ ಮಾಡಬೇಕು. ನಾವು ಚಾಲೂ ಮಾಡಿದ್ದು ಬೇಕಾದ ಘಟನೆ ನಡೆದ ಮರುದಿನ. ಅಜೂರಿನ ಭದ್ರತಾ ಸೇವೆ ಡಿಫೆಂಡರ್ ಫಾರ್ ಕ್ಲೌಡ್‌ನಲ್ಲಿ ಸೆಟ್ಟಿಂಗ್ ತಪ್ಪುಗಳನ್ನು ಎತ್ತಿ ತೋರಿಸುವ ಮೂಲ ಭಾಗ ಪುಕ್ಕಟೆ. ಕೀ ವಾಲ್ಟ್ ಮೇಲೆ ಕಣ್ಣಿಡುವ ಯೋಜನೆಗೆ ಬೇರೆ ದುಡ್ಡು. ಒಬ್ಬ ಗಿರಾಕಿಗಾದರೆ ಮೂಲ ಭಾಗದಿಂದ ಶುರು ಮಾಡಿ.

ಉತ್ತರ: ಗದಗ

ಹ್ಯಾಶಿಕಾರ್ಪ್ ವಾಲ್ಟ್ ಯಾರೂ ಮುಟ್ಟಲಿಲ್ಲ, ನಾನ ಹೇಳ್ತೀನಿ. ಭಾರೀ ಸಾಮಾನು. ಖರೇನ. ಬ್ಯಾರೆ ಕಡೆ ಪಾಸ್‌ವರ್ಡ್ ಇಟ್ಟು ಕಾಯ್ತೀರಿ. ಇದು ಕೇಳಿದಾಗ ಹೊಸಾ ಡೇಟಾಬೇಸ್ ಯೂಸರ್ ಹುಟ್ಟಿಸಿ ಕೊಡ್ತೈತಿ, ಒಂದು ತಾಸಿಗೆ ಅಂದಿದ್ರ ತಾಸು ಮುಗಿದ ಮ್ಯಾಲ ಅದನ್ನ ತಾನ ಅಳಸ್ತೈತಿ. ಕೆಲಸ ಬಿಟ್ಟು ಹೋದ ಹುಡುಗನ ಫೋನಿನಾಗ ಏನಿದ್ರೂ ಸತ್ತ ಪಾಸ್‌ವರ್ಡ್. ಇದನ್ನ ನೋಡಿ ನಾ ಮಳ್ಳಾದೆ, ಒಂದು ಸಣ್ಣ ಸರ್ವರ್ ಮ್ಯಾಲ ಹಾಕಿದೆ.

ವಾಲ್ಟ್ ಮೊದಲ ಸಲ ಚಾಲೂ ಮಾಡೂವಾಗ ಸುಮ್ಮ ಎಂಟರ್ ಒತ್ಕೊಂತ ಹೋದ್ರ ಐದು ತುಂಡು ಕೀ ಕೊಡ್ತೈತಿ, ಬಾಗಲಾ ತೆಗಿಯಾಕ ಅದರಾಗ ಮೂರು ಬೇಕು. ಸರ್ವರ್ ಒಮ್ಮೆ ರೀಸ್ಟಾರ್ಟ್ ಆತಂದ್ರ ಬಾಗಲಾ ಮುಚ್ಚಿಕೊಳ್ತೈತಿ, ಮೂವರು ಬಂದು ತಮ್ಮ ತಮ್ಮ ತುಂಡು ಹಾಕಿದ್ರನ ಸೈ. ನಾವು ಐದೂ ತುಂಡು ಹಂಚಿ ಶಾಣ್ಯಾರಾಗಿದ್ವಿ. ಮದಿವಿ ಸೀಜನ್ನಿನಾಗ ಒಂದು ರವಿವಾರ ಸರ್ವರ್ ರೀಸ್ಟಾರ್ಟ್ ಆತು. ನನ್ನ ಕಡೆ ಒಂದು ತುಂಡು. ಎರಡನೇದವರು ಸಿಕ್ಕರು. ಮೂರನೇದವ ಲಕ್ಷ್ಮೇಶ್ವರ ಕಡೆ ಅಕ್ಕನ ಮದಿವ್ಯಾಗ, ಬ್ಯಾಂಡ್ ಸಪ್ಪಳದಾಗ ಫೋನ್ ಕೇಳೂದಿಲ್ಲ. ನಾಲ್ಕನೇದವನೂ ಅದ ಮದಿವ್ಯಾಗ, ಬಡಿಸಾಕ ನಿಂತಿದ್ದ. ಐದನೇ ತುಂಡು ಮಾಲಕರ ಕಡೆ, ಅವರು ಅದನ್ನ ಪ್ರಿಂಟ್ ತಗದು ಬೀರೂನಾಗ ಇಟ್ಟು ಬೀರೂ ಕೀಲಿಕೈ ಮನಿಯವರಿಗೆ ಕೊಟ್ಟಿದ್ರು, ಮನಿಯವರು ತವರಮನಿಗೆ ಹೋಗಿದ್ರು. ಕಡೀಕೆ ನಾ ಬೈಕ್ ತಗೊಂಡು ಲಕ್ಷ್ಮೇಶ್ವರಕ್ಕ ಹೋದೆ. ಹುಗ್ಗಿ ಉಂಡು, ತುಂಡು ತಗೊಂಡು ಬಂದೆ.

ಈಗ ಕೆಎಂಎಸ್ ಹಚ್ಚಿ ಬಾಗಲಾ ತಾನ ತೆಗಿಯೂ ಹಂಗ ಮಾಡೇನಿ, ಅದನ್ನ ಮೊದಲನ ಮಾಡಬೇಕಿತ್ತು. ಆದ್ರೂ ಅಪ್‌ಗ್ರೇಡ್, ಬ್ಯಾಕಪ್, ಒಂದು ಬಿದ್ರ ಇನ್ನೊಂದು ಇರಲಿ ಅಂತ ಮೂರು ಸರ್ವರ್, ಎಲ್ಲಾ ನಮ್ಮ ತಲಿ ಮ್ಯಾಲನ. ಲೈಸೆನ್ಸ್ ವಿಷಯನೂ ಐತಿ: 2023ರ ಆಗಸ್ಟಿನಾಗ ಹ್ಯಾಶಿಕಾರ್ಪಿನವರು ಪೂರಾ ಓಪನ್ ಸೋರ್ಸ್ ಬಿಟ್ಟು ಬಿಸಿನೆಸ್ ಸೋರ್ಸ್ ಲೈಸೆನ್ಸಿಗೆ (ಕೋಡ್ ಕಾಣ್ತೈತಿ, ಆದ್ರ ಬಳಕಿಗೆ ಕೆಲವು ನಿರ್ಬಂಧ) ಹೋದ್ರು, ಆಮ್ಯಾಲ ಐಬಿಎಂ ಆ ಕಂಪನಿನ ಕೊಂಡಕೊಳ್ತು. ಹಳೇ ಲೈಸೆನ್ಸ್ ಬೇಕಂದವರು ಓಪನ್‌ಬಾವ್ ಅಂತ ಕವಲು ಒಡೆದು ಲಿನಕ್ಸ್ ಫೌಂಡೇಶನ್ ಅಡಿ ನಡಸಾಕತ್ಯಾರ. ನಿಮ್ಮ ಸ್ವಂತ ಬಳಕಿಗೆ ಹೊಸ ಲೈಸೆನ್ಸಿಂದೇನೂ ತ್ರಾಸಿಲ್ಲ. ಆದ್ರ ಐದು ಮಂದಿ ಕಂಪನಿ ವಾಲ್ಟ್ ನಡಸೂದು ಅಂದ್ರ ಎರಡು ಎಕರೆ ಹೊಲಕ್ಕ ಟ್ರ್ಯಾಕ್ಟರ್ ಕೊಂಡಂಗ. ನಾ ಕೊಂಡೇನಿ, ಡೀಸಲ್ ಹಾಕ್ಕೊಂತ ಅದೇನಿ.

ಉತ್ತರ: ರಾಣೆಬೆನ್ನೂರು

ಎಲ್ಲರೂ ಮೊದಲ ಪ್ರಶ್ನೆಗೇ ಉತ್ತರಿಸಿದ್ದಾರೆ. ನಾನು ಆರು ವರ್ಷ ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಅಲರ್ಟ್ ನೋಡುವ ಕೆಲಸ ಮಾಡಿದವನು, ಈಗ ಊರಿಂದಲೇ ಮಾಡುತ್ತೇನೆ. ಎರಡನೆಯದರ, ಅಂದರೆ ಯಾರಾದರೂ ಒಳಹೊಕ್ಕರೆ ತಿಳಿಯುವುದು ಹೇಗೆಂಬುದರ, ಬಗ್ಗೆ ಹೇಳುತ್ತೇನೆ.

ಗಾರ್ಡ್‌ಡ್ಯೂಟಿ ನಿಮ್ಮ ಸರ್ವರ್ ಮೇಲೆ ಕೂರದೆ ಮೂರು ಕಡೆಯ ದಾಖಲೆ ಓದುತ್ತದೆ: ಕ್ಲೌಡ್‌ಟ್ರೇಲ್ (ಖಾತೆಯಲ್ಲಿ ಯಾರು ಏನು ಮಾಡಿದರೆಂಬ ದಾಖಲೆ), ನೆಟ್‌ವರ್ಕ್ ಹರಿವಿನ ಲಾಗ್, ಡಿಎನ್‌ಎಸ್ ಪ್ರಶ್ನೆಗಳು (ಸರ್ವರ್ ಯಾವ ವೆಬ್ ಹೆಸರಿನ ವಿಳಾಸ ಕೇಳಿತೆಂಬುದು). ಹಾಕುವುದು ಎರಡು ನಿಮಿಷದ ಕೆಲಸ, ಮೊದಲ 30 ದಿನ ಉಚಿತ, ಆ ಅವಧಿಯಲ್ಲಿ ಮುಂದೆ ಎಷ್ಟು ಬಿಲ್ ಬರಬಹುದೆಂದು ಅದೇ ಅಂದಾಜು ತೋರಿಸುತ್ತದೆ. ನಿಮ್ಮ ಐದು ಸಾವಿರದ ಪ್ರಶ್ನೆಗೆ ಆ ಅಂದಾಜೇ ಉತ್ತರ, ನಮ್ಮ ಮಾತಲ್ಲ. ಬೇರೆ ಡಿಎನ್‌ಎಸ್ ಸರ್ವರ್ ಇಟ್ಟುಕೊಂಡಿದ್ದರೆ ಆ ಮೂರನೇ ಕಣ್ಣು ಮುಚ್ಚಿದ ಹಾಗೇ, ಎಡಬ್ಲ್ಯೂಎಸ್‌ನದೇ ಇರಲಿ.

ಒಂದು ಘಟನೆ ಹೇಳುತ್ತೇನೆ, ಯಾರದೆಂದು ಕೇಳಬೇಡಿ. ನಿಮ್ಮಂತೆಯೇ ಡಾಟ್ ಇಎನ್‌ವಿ ಫೈಲ್, ಅದೂ ವೆಬ್‌ಸೈಟಿನ ಫೋಲ್ಡರಿನಲ್ಲೇ. ಬ್ರೌಸರಿನಲ್ಲಿ ಸೈಟಿನ ವಿಳಾಸದ ಮುಂದೆ ಆ ಫೈಲಿನ ಹೆಸರು ಹೊಡೆದರೆ ತೆರೆದುಕೊಳ್ಳುತ್ತಿತ್ತು. ಅಂಥ ಫೈಲ್ ಹುಡುಕುತ್ತ ದಿನವಿಡೀ ಅಲೆಯುವ ಬಾಟ್‌ಗಳಿವೆ, ನಿಮ್ಮ ವೆಬ್ ಸರ್ವರಿನ ಲಾಗ್ ಈಗಲೇ ತೆರೆದರೂ ಕಾಣಬಹುದು. ಶನಿವಾರ ರಾತ್ರಿ ಅದರೊಳಗಿನ ಕೀ ಬಳಸಿ ಯಾರೋ ಬ್ರೆಜಿಲ್‌ನ ಸಾವೊ ಪೌಲೊ ರೀಜನ್ನಿನಲ್ಲಿ ದೊಡ್ಡ ದೊಡ್ಡ ಮಷಿನ್ ಎಬ್ಬಿಸಿ ಕ್ರಿಪ್ಟೋ ಗಣಿಗಾರಿಕೆ ಶುರು ಮಾಡಿದರು. ಗಾರ್ಡ್‌ಡ್ಯೂಟಿ ಇತ್ತು. ಆದರೆ ಮುಂಬೈನಲ್ಲಿ ಮಾತ್ರ. ಅದು ರೀಜನ್‌ಗೆ ಒಂದರಂತೆ ಚಾಲೂ ಮಾಡಬೇಕಾದ ಸೇವೆ. ಮುಂಬೈ ಕಡೆಯಿಂದಲೂ ಒಂದು ಎಚ್ಚರಿಕೆ ಬಂದಿತ್ತು: ಈ ಕೀ ಎಂದೂ ಬಾರದ ಜಾಗದಿಂದ ಬಂದು ಖಾತೆಯೆಲ್ಲ ತಡಕಾಡುತ್ತಿದೆ ಎಂದು. ಅದು ಹೋದದ್ದು ಕೆಲಸ ಬಿಟ್ಟವರೊಬ್ಬರ ಇಮೇಲಿಗೆ. ಸೋಮವಾರ ಬೆಳಿಗ್ಗೆ ಲೆಕ್ಕಪತ್ರದವರು ಬಿಲ್ ನೋಡಿ ಕೂಗಿದಾಗಲೇ ಗೊತ್ತಾದದ್ದು. ಇಷ್ಟು ಓದಿದ ಮೇಲೆ "ಹಾಕಿದರೆ ಸಾಕೋ" ಎಂಬುದಕ್ಕೆ ನಾನು ಬೇರೆ ಉತ್ತರ ಬರೆಯುವುದಿಲ್ಲ.

ಮಾಡಬೇಕಾದ್ದು: ಎಲ್ಲ ರೀಜನ್ನಿನಲ್ಲೂ ಹಾಕಿ, ಏನೂ ನಡೆಯದ ರೀಜನ್ನಿಗೆ ಬಿಲ್ ಹೆಚ್ಚುಕಡಿಮೆ ಸೊನ್ನೆ. ಆರ್ಗನೈಸೇಶನ್ಸ್ (ಹಲವು ಖಾತೆಗಳನ್ನು ಒಟ್ಟಿಗೆ ನೋಡುವ ಎಡಬ್ಲ್ಯೂಎಸ್ ಸೇವೆ) ಬಳಸುತ್ತಿದ್ದರೆ ಬೇಡದ ರೀಜನ್ನುಗಳನ್ನೇ ಮುಚ್ಚುವ ಪಾಲಿಸಿ ಹಾಕಿ. ಎಚ್ಚರಿಕೆಯನ್ನು ಇವೆಂಟ್‌ಬ್ರಿಜ್ (ಸುದ್ದಿಯನ್ನು ಬೇರೆಡೆಗೆ ದಾಟಿಸುವ ಎಡಬ್ಲ್ಯೂಎಸ್ ಸೇವೆ) ಮೂಲಕ ಫೋನಿಗೆ ತನ್ನಿ, ಹೈ ಅಥವಾ ಅದಕ್ಕೂ ಮೇಲಿನ ಕ್ರಿಟಿಕಲ್ ಎಂದು ಬಂದದ್ದನ್ನು ಮಾತ್ರ. ಎಲ್ಲವನ್ನೂ ತಂದರೆ ಮೂರನೇ ದಿನ ನೀವೇ ಮ್ಯೂಟ್ ಮಾಡುತ್ತೀರಿ. ನಾನು ಅದನ್ನೇ ಸಂಬಳ ತೆಗೆದುಕೊಂಡು ನೋಡುತ್ತಿದ್ದವನು, ನನಗೇ ಆಗುತ್ತಿರಲಿಲ್ಲ. ಗಾರ್ಡ್‌ಡ್ಯೂಟಿ ಹಿಡಿಯುವ ಪೊಲೀಸ್ ಅಲ್ಲ, ಕೂಗುವ ಗೂರ್ಖಾ. ಸ್ಯಾಂಪಲ್ ಫೈಂಡಿಂಗ್ ಎಂಬ ಗುಂಡಿ ಇದೆ, ಸುಳ್ಳು ಎಚ್ಚರಿಕೆ ಹುಟ್ಟಿಸುತ್ತದೆ. ರಾತ್ರಿ ಒತ್ತಿ ನೋಡಿ, ಯಾರ ಫೋನ್ ಕೂಗುತ್ತದೆಂದು.

ಪುಣೆಯವರ ಕಾಗದಕ್ಕೆ ಇನ್ನೊಂದು ಮಾತು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ದೇಶದೊಳಗೆ ಇಡಬೇಕು. ಗಾರ್ಡ್‌ಡ್ಯೂಟಿ ತನ್ನ ಫೈಂಡಿಂಗ್ (ಎಚ್ಚರಿಕೆ) ಇಟ್ಟುಕೊಳ್ಳುವುದು 90 ದಿನ, ಕ್ಲೌಡ್‌ಟ್ರೇಲ್ ಹಿಸ್ಟರಿಯೂ 90 ದಿನ. ಅರ್ಧಕ್ಕೆ ನಿಲ್ಲುತ್ತದೆ. ಎರಡನ್ನೂ ಮುಂಬೈನ ಎಸ್3 ಬಕೆಟ್ಟಿಗೆ (ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹಕ್ಕೆ) ಹರಿಸಿಬಿಡಿ.

ಉತ್ತರ: ಉಣಕಲ್, ಹುಬ್ಬಳ್ಳಿ

ವಾಜೂ (ಸರ್ವರ್ ಕಾಯೂ ಟೂಲ್) ಹಾಕಿದ್ರ ಇದೆಲ್ಲಾ ಪುಕ್ಕಟೆ ಆಗ್ತೈತಿ ಅಲ್ರೀ? ಓಪನ್ ಸೋರ್ಸ್ ಐತಿ, ಎಲ್ಲಾ ಲಾಗ್ ಒಂದ ಕಡೆ ಕಾಣ್ತೈತಿ.

ಉತ್ತರ: ರಾಣೆಬೆನ್ನೂರು

ಟೂಲ್ ಪುಕ್ಕಟೆ, ಅದು ಕೂರುವ ಸರ್ವರ್ ಪುಕ್ಕಟೆ ಅಲ್ಲ, ಅದರ ನಿಯಮ ತಿದ್ದುವವರ ಸಂಜೆ ಪುಕ್ಕಟೆ ಅಲ್ಲ. ಸರ್ವರಿನ ಒಳಗೆ ಯಾವ ಫೈಲ್ ಬದಲಾಯಿತು ಎನ್ನುವುದಕ್ಕೆ ವಾಜೂ ಒಳ್ಳೆಯದೇ, ನಾನೂ ಮೆಚ್ಚುತ್ತೇನೆ. ಗದಗದವರ ಟ್ರ್ಯಾಕ್ಟರ್ ಲೆಕ್ಕವೇ ಇಲ್ಲೂ.

ಉತ್ತರ: ವಿದ್ಯಾನಗರ, ಇಂಜಿನಿಯರಿಂಗ್ ಕಾಲೇಜು

ಸರ್, ನಾನು ಕೊನೇ ವರ್ಷದ ವಿದ್ಯಾರ್ಥಿನಿ, ಸಣ್ಣ ಮಾತು. ಗಿಟ್‌ಲೀಕ್ಸ್ ಅಂತ ಉಚಿತ ಟೂಲ್ ಇದೆ, ಕೋಡನ್ನು ಗಿಟ್ ದಾಖಲೆಗೆ ಸೇರಿಸುವ (ಕಮಿಟ್ ಮಾಡುವ) ಮೊದಲೇ ಕೀ ಇದ್ದರೆ ತಡೆಯುತ್ತದೆ. ನಮ್ಮ ಪ್ರಾಜೆಕ್ಟಿನ ಹಳೇ ಹಿಸ್ಟರಿ ಮೇಲೆ ಓಡಿಸಿದಾಗ ಸೀನಿಯರ್ ಬ್ಯಾಚಿನವರ ಇಮೇಲ್ ಪಾಸ್‌ವರ್ಡ್ ಸಿಕ್ಕಿತು, ಇನ್ನೂ ನಡೀತಿತ್ತು! ಫೈಲ್ ಅಳಿಸಿ ಮತ್ತೆ ಕಮಿಟ್ ಮಾಡಿದರೆ ಹಿಸ್ಟರಿಯಿಂದ ಹೋಗಲ್ಲ. ಹಿಸ್ಟರಿ ತೊಳೆಯುವ ಮುಂಚೆ ಕೀ ಬದಲಿಸಿ. ಇನ್ನೊಂದು, ಕುಬರ್ನೆಟಿಸ್ (ಹಲವು ಸರ್ವರ್ ಮೇಲೆ ಆ್ಯಪ್ ನಡೆಸುವ ಟೂಲ್) ಸೀಕ್ರೆಟ್ ನೋಡೋಕೆ ಗೊಜಲಾಗಿ ಕಾಣೋದು ಬೇಸ್64 ಅಷ್ಟೇ, ಅಂದರೆ ಬೇರೆ ಅಕ್ಷರದಲ್ಲಿ ಬರೆದದ್ದು, ಬೀಗ ಅಲ್ಲ, ಯಾರು ಬೇಕಾದರೂ ತಿರುಗಿಸಿ ಓದಬಹುದು.

ಕೇಳಿದವರು: ಗೋಕುಲ ರೋಡ್, ಮೂರು ವಾರದ ಮ್ಯಾಲ

ಎಲ್ಲಾರಿಗೂ ಶರಣ್ರೀ. ಏನಾತು ಅಂತ ಹೇಳೂದು ನಮ್ಮ ಕರ್ತವ್ಯ.

ಮೊದಲ ಸೀಕ್ರೆಟ್ ಎಷ್ಟದಾವ ಅಂತ ಎಣಿಸಿದ್ವಿ. ನಲವತ್ತು ಇರಬಹುದು ಅಂದಕೊಂಡಿದ್ವಿ, ಅರವತ್ಮೂರು ಸಿಕ್ಕವು. ಅದರಾಗ ಹದಿನಾಲ್ಕು ಯಾತಕ್ಕ ಅಂತ ಯಾರಿಗೂ ಗೊತ್ತಿಲ್ಲ. ಒಂದೊಂದನ್ನ ಬಂದ್ ಮಾಡಿ ಎರಡು ದಿನ ಕಾದ್ವಿ, ಯಾರೂ ಚೀರಲಿಲ್ಲ, ತಗದ ಒಗದ್ವಿ. ಉಳಿದ ನಲವತ್ತೊಂಬತ್ತರಾಗ ಒಂಬತ್ತು ಸೀಕ್ರೆಟ್ಸ್ ಮ್ಯಾನೇಜರಿಗೆ, ಅಂದ್ರ 3.60 ಡಾಲರ್. ಮೂವತ್ನಾಲ್ಕು ಪ್ಯಾರಾಮೀಟರ್ ಸ್ಟೋರಿಗೆ, ಆರು ಕೀ ವಾಲ್ಟಿಗೆ. ಸಾಫ್ಟ್ ಡಿಲೀಟ್ ದಿನ ಓದಿ ಆರಿಸಿದ್ವಿ! ಎಸ್ಸೆಮ್ಮೆಸ್ ಕಂಪನಿ ಕೀ ಯಾವ ಟೂಲಿಂದನೂ ತಾನ ಬದಲಿ ಆಗೂದಿಲ್ಲ, ಅವರ ಪೋರ್ಟಲ್ಲಿನಾಗ ಹೋಗಿ ಕೈಯಿಂದನ ಮಾಡಬೇಕು ಅನ್ನೂದು ಮಾಡೂವಾಗ ತಿಳೀತು. ಅದಕ್ಕ ಗ್ವಾಡಿ ಕ್ಯಾಲೆಂಡರಿನ ಮ್ಯಾಲ ಮೂರು ತಿಂಗಳಿಗೊಮ್ಮೆ ಕೆಂಪ ಗೆರಿ ಎಳದೇವಿ. ಡಾಟ್ ಇಎನ್‌ವಿ ವಿಳಾಸನೂ ಬ್ರೌಸರಿನಾಗ ಹೊಡದು ನೋಡಿದ್ವಿ, ಪುಣ್ಯಾಕ್ಕ ತೆರಿಲಿಲ್ಲ. ಬೆಂಗಳೂರಿಗೆ ಹೋದ ಹುಡುಗನಿಗೆ ಹೇಳಿದ್ರ, "ಅಣ್ಣಾ, ಆ ಫೋನ್ ಬಸ್ಸಿನಾಗ ಕಳದು ಎಂಟು ದಿನ ಆತು" ಅಂದ. ನನಗ ಕೈಕಾಲು ತಣ್ಣಗಾದ್ವು, ಆದ್ರ ಅಷ್ಟ್ರಾಗ ಎಲ್ಲಾ ಕೀ ಬದಲಿ ಆಗಿದ್ವು.

ಗಾರ್ಡ್‌ಡ್ಯೂಟಿ ಎಲ್ಲಾ ರೀಜನ್ನಿಗೂ ಹಾಕೇವಿ. ರಾತ್ರಿ ಹನ್ನೊಂದೂವರಿಗೆ ಸ್ಯಾಂಪಲ್ ಗುಂಡಿ ಒತ್ತಿದ್ರ ನನ್ನ ಫೋನ್ ಒಮ್ಮಿಗೇ ಕೂಗಾಕ ಹತ್ತಿ ನಿಲ್ಲವಲ್ದು, ನಮ್ಮವ್ವ ಎದ್ದು ಬಂದು ಯಾರಿಗೇನಾತೋ ಅಂತ ಗಾಬರಿ ಆದ್ಲು.

ಒಂದ ಉಳದೈತಿ. ಬ್ಯಾಡಗಿಯ ಒಂದು ಅಂಗಡ್ಯಾಗ ತೂಕದ ಕಾಟಾಕ್ಕ ಜೋಡಿಸಿದ ಹಳೇ ಕಂಪ್ಯೂಟರ್ ಐತಿ. ಅದರ ಪಾಸ್‌ವರ್ಡ್ ಮಾನಿಟರಿನ ಮ್ಯಾಲ ಚೀಟಿ ಬರದು ಅಂಟಿಸ್ಯಾರ, ದೀಪಾವಳಿ ಪೂಜಿ ಕುಂಕುಮ ಬ್ಯಾರೆ ಹಚ್ಚ್ಯಾರ. ಆ ಅಂಗಡಿ ಯಜಮಾನರಿಗೆ ಎಪ್ಪತ್ತೆರಡು ವರ್ಷ, ಬದಲಿ ಮಾಡೂಣು ಅಂದ್ರ "ಲಕ್ಷ್ಮಿ ಪೂಜಿ ಮಾಡಿದ್ದು ತಗೀಬ್ಯಾಡೋ" ಅಂತಾರ. ಆ ಕಂಪ್ಯೂಟರಿಗೆ ನಮ್ಮ ಸರ್ವರಿಗೆ ತೂಕ ಕಳಸೂ ಅಷ್ಟ ಹಕ್ಕು ಇಟ್ಟು, ಬ್ಯಾರೇನೂ ಓದಾಕ ಬಿಡದಂಗ ಕತ್ತರಿಸೇನಿ. ಚೀಟಿ ವಿಷಯ ಮಾತಾಡಾಕ ಗುರುವಾರ ಹೋಗಾಕತ್ತೇನಿ, ಪೇಢೆ ತಗೊಂಡು.